ವೋಲ್ಟ್ ಇದೆ, ಸೆಲ್ಫ್ ಹೊಡೆಯುತ್ತಿಲ್ಲ

ಕೀ ತಿರುಗಿಸಿದರೆ ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಹೊತ್ತಿಕೊಳ್ಳುತ್ತವೆ. ಹಾರ್ನ್ ಒತ್ತಿದರೆ ಬೀದಿಯ ಕೊನೆಯವರೆಗೆ ಕೇಳಿಸುತ್ತದೆ. ಹೆಡ್‌ಲೈಟು ಎದುರಿನ ಗೋಡೆಯ ಮೇಲೆ ಬೆಳ್ಳಗೆ ಬೀಳುತ್ತದೆ. ಸೆಲ್ಫ್ ಹೊಡೆದಾಗ ಮಾತ್ರ ಬಾನೆಟ್ಟಿನೊಳಗಿಂದ ‘ಟಕ್’ ಎಂದು ಒಂದು ಸದ್ದು, ಆಮೇಲೆ ಏನೂ ಇಲ್ಲ. ಪಕ್ಕದ ಮನೆಯವರು ಇಣುಕಿ ನೋಡಿ ‘ಬ್ಯಾಟರಿ ಡೌನ್ ಆಗಿದೆ ಸಾರ್’ ಎನ್ನುತ್ತಾರೆ. ಮೀಟರ್ ಹಿಡಿದು ನೋಡಿದರೆ 12.5 ವೋಲ್ಟ್. ಬ್ಯಾಟರಿಗೆ ಏನೂ ಆಗಿಲ್ಲ. ಹಾಗಾದರೆ ಸೆಲ್ಫ್ ಮೋಟಾರೇ ಸುಟ್ಟಿರಬೇಕೆಂದು ಅದನ್ನು ಬಿಚ್ಚಿ, ಗ್ಯಾರೇಜಿನ ಬೆಂಚಿನ ಮೇಲಿಟ್ಟು, ನೇರವಾಗಿ ಬ್ಯಾಟರಿಯಿಂದ ತಂತಿ ಕೊಟ್ಟರೆ ಗಿರ್ರೆಂದು ತಿರುಗುತ್ತದೆ. ಬ್ಯಾಟರಿಯೂ ಸರಿ, ಮೋಟಾರೂ ಸರಿ, ಗಾಡಿ ಮಾತ್ರ ನಿಂತಲ್ಲೇ ನಿಂತಿದೆ.

ಇಂಥದ್ದೇ ಇನ್ನೊಂದು ಒಗಟನ್ನು ಹೆದ್ದಾರಿಯಲ್ಲಿ ಹೋಗುವವರೆಲ್ಲ ನೋಡಿರುತ್ತಾರೆ. ಮುಂದೆ ಹೋಗುತ್ತಿರುವ ಹಳೆಯ ಟೆಂಪೊ ಎಡಗಡೆ ಇಂಡಿಕೇಟರ್ ಹಾಕುತ್ತದೆ. ಇಂಡಿಕೇಟರಿನ ಜೊತೆಗೆ ಪಕ್ಕದ ಕೆಂಪು ದೀಪವೂ ಅದೇ ತಾಳಕ್ಕೆ ಮಿಣಮಿಣ ಎನ್ನುತ್ತದೆ. ಚಾಲಕ ಬ್ರೇಕ್ ಒತ್ತಿದರೆ ಇಂಡಿಕೇಟರೇ ಮಂಕಾಗುತ್ತದೆ. ಬಲ್ಬುಗಳನ್ನೆಲ್ಲ ಹೊಸದಾಗಿ ಹಾಕಿಸಿದರೂ ಈ ಕುಣಿತ ನಿಲ್ಲುವುದಿಲ್ಲ.

ಇವೆರಡರ ಹಿಂದೆಯೂ ಇರುವುದು ಒಂದೇ ಕಾರಣ. ಅದನ್ನು ಹಿಡಿಯಲು ಎಂಜಿನಿಯರಿಂಗ್ ಓದಿರಬೇಕಾಗಿಲ್ಲ. ಮೀಟರು ಏನನ್ನು ಅಳೆಯುತ್ತದೆ, ಯಾವಾಗ ಅಳೆಯುತ್ತದೆ ಎಂಬುದನ್ನು ತಿಳಿದರೆ ಸಾಕು.

ಟ್ಯಾಂಕಿನ ಎತ್ತರ, ನಲ್ಲಿಯ ಧಾರೆ

ಎರಡನೇ ಮಹಡಿಯ ಮೇಲೆ ನೀರಿನ ಟ್ಯಾಂಕಿದೆ ಎನ್ನಿ. ಅಲ್ಲಿಂದ ಅಡುಗೆಮನೆಗೆ ಹಳೆಯ ಕಬ್ಬಿಣದ ಪೈಪು ಬಂದಿದೆ. ವರ್ಷಗಟ್ಟಲೆ ಬೋರ್‌ವೆಲ್ಲಿನ ಗಡಸು ನೀರು ಹರಿದು ಹರಿದು ಪೈಪಿನೊಳಗೆ ಸುಣ್ಣ ಕಟ್ಟಿದೆ. ನೀರು ಹೋಗಲು ಕಡ್ಡಿ ತೂರುವಷ್ಟೇ ಜಾಗ ಉಳಿದಿದೆ. ನಲ್ಲಿಯನ್ನು ಬಿಗಿಯಾಗಿ ಮುಚ್ಚಿ ಅದರ ಹಿಂದೆ ಒತ್ತಡ ಅಳೆಯುವ ಮುಳ್ಳಿನ ಗಡಿಯಾರ ಜೋಡಿಸಿದರೆ ಎಷ್ಟು ತೋರಿಸುತ್ತದೆ? ಟ್ಯಾಂಕಿನ ಎತ್ತರಕ್ಕೆ ತಕ್ಕಷ್ಟು, ಪೂರ್ತಿ ಒತ್ತಡ. ಹೊಚ್ಚ ಹೊಸ ಪೈಪಿದ್ದರೂ ಅದು ಅಷ್ಟನ್ನೇ ತೋರಿಸುತ್ತಿತ್ತು. ಈಗ ನಲ್ಲಿ ತೆರೆಯಿರಿ. ಬರುವುದು ದಾರದಂಥ ಧಾರೆ, ಗಡಿಯಾರದ ಮುಳ್ಳು ಸೊನ್ನೆಯ ಹತ್ತಿರ.

ಟ್ಯಾಂಕಿನ ಎತ್ತರ ಕೊಡುವ ಒತ್ತಡವೇ ವೋಲ್ಟೇಜು. ಅದನ್ನು ವೋಲ್ಟಿನಲ್ಲಿ ಅಳೆಯುತ್ತೇವೆ. ಪೈಪಿನಲ್ಲಿ ನಿಜವಾಗಿ ಹರಿಯುವ ನೀರೇ ಕರೆಂಟು. ಅದನ್ನಿಲ್ಲಿ ಹರಿವು ಎನ್ನೋಣ, ಅಳತೆ ಆಂಪಿಯರಿನಲ್ಲಿ. ಪೈಪಿನೊಳಗಿನ ಸುಣ್ಣ ಒಡ್ಡುವುದು ತಡೆ. ಅದರ ಅಳತೆ ಓಮ್. ಒತ್ತಡ ತಳ್ಳುತ್ತದೆ, ತಡೆ ಅಡ್ಡಬರುತ್ತದೆ, ಇವೆರಡರ ಜಗ್ಗಾಟದಲ್ಲಿ ಎಷ್ಟು ಹರಿವು ಸಾಧ್ಯವೋ ಅಷ್ಟು ಹರಿಯುತ್ತದೆ.

ಗಮನಿಸಬೇಕಾದ ಸಂಗತಿ ಒಂದಿದೆ. ಸುಣ್ಣ ಕಟ್ಟಿದ ಪೈಪು ನಲ್ಲಿ ಮುಚ್ಚಿದ್ದಾಗ ಒತ್ತಡವನ್ನು ಒಂದಿಷ್ಟೂ ತಿನ್ನುವುದಿಲ್ಲ. ನೀರು ಹರಿಯತೊಡಗಿದ ಮೇಲೆಯೇ ತಿನ್ನುತ್ತದೆ. ಹೆಚ್ಚು ಹರಿಸಲು ಹೋದಷ್ಟೂ ಹೆಚ್ಚು ತಿನ್ನುತ್ತದೆ. ವಿದ್ಯುತ್ತಿನಲ್ಲೂ ಹೀಗೆಯೇ. ತಂತಿ, ಜೋಡಣೆ, ಸ್ವಿಚ್ಚುಗಳಲ್ಲಿ ಕಳೆದುಹೋಗುವ ವೋಲ್ಟೇಜನ್ನು ನಾವು ದಾರಿಖರ್ಚು ಎಂದು ಕರೆಯೋಣ. ಎಷ್ಟು ಹರಿವಿದೆಯೋ ಅದನ್ನು ದಾರಿಯ ತಡೆಯಿಂದ ಗುಣಿಸಿದರೆ ದಾರಿಖರ್ಚು ಸಿಗುತ್ತದೆ. ಹರಿವು ಸೊನ್ನೆಯಾದರೆ ಖರ್ಚೂ ಸೊನ್ನೆ, ದಾರಿ ಎಷ್ಟೇ ಹಾಳಾಗಿರಲಿ.

ಸಂಜೆ ತೋಟದ ಪಂಪ್‌ಸೆಟ್‌ಗಳೆಲ್ಲ ಒಟ್ಟಿಗೆ ಶುರುವಾದಾಗ ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ ಬಲ್ಬು ಮಂಕಾಗುವುದೂ ಇದೇ ನಿಯಮದಿಂದ. ಪಂಪುಗಳು ನಿಂತ ಮೇಲೆ ಅದೇ ತಂತಿಯಲ್ಲಿ ವೋಲ್ಟೇಜ್ ಮತ್ತೆ ಸರಿಯಾಗುತ್ತದೆ.

ಮೀಟರಿಗೆ ಕೇಳಿದ ಪ್ರಶ್ನೆಯೇ ತಪ್ಪು

ಕಾರಿನ ಮಾಮೂಲಿ ಬ್ಯಾಟರಿಯೊಳಗೆ ಆರು ಕೋಶಗಳಿರುತ್ತವೆ. ಸೀಸ ಮತ್ತು ಆಮ್ಲದ ಒಂದೊಂದು ಕೋಶ ಕೊಡುವುದು 2.1 ವೋಲ್ಟ್, ಆರೂ ಸೇರಿದರೆ 12.6. ಗಾಡಿ ಕೆಲವು ಗಂಟೆ ಸುಮ್ಮನೆ ನಿಂತಿದ್ದ ಮೇಲೆ 12.6 ತೋರಿಸಿದರೆ ಬ್ಯಾಟರಿ ತುಂಬಿದೆ ಎಂದರ್ಥ. 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಬಹುತೇಕ ಖಾಲಿ. ಎಂಜಿನ್ ಓಡುತ್ತಿರುವಾಗ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿರುವುದರಿಂದ ಸಾಮಾನ್ಯವಾಗಿ 14ರ ಆಸುಪಾಸು ಇರಬೇಕು.

ಇಷ್ಟು ತಿಳಿದವರು ಮೀಟರ್ ಹಿಡಿದಾಗ ಎಡವುವುದು ಒಂದೇ ಕಡೆ. ಹೆಡ್‌ಲೈಟ್ ಉರಿಯುತ್ತಿಲ್ಲ, ಬಲ್ಬು ಕಳಚಿ, ಸಾಕೆಟ್ಟಿಗೆ ಮೀಟರ್ ಹಿಡಿಯುತ್ತಾರೆ, 12 ವೋಲ್ಟ್ ಬರುತ್ತದೆ, ‘ವೈರಿಂಗ್ ಸರಿಯಿದೆ’ ಎಂದು ತೀರ್ಮಾನಿಸುತ್ತಾರೆ. ಹೊಸ ಬಲ್ಬು ಹಾಕಿದರೂ ಉರಿಯುವುದಿಲ್ಲ.

ಡಿಜಿಟಲ್ ಮೀಟರು ವೋಲ್ಟೇಜ್ ಅಳೆಯುವಾಗ ತನ್ನೊಳಗೆ ಹರಿವನ್ನು ಬಿಟ್ಟುಕೊಳ್ಳುವುದೇ ಇಲ್ಲ ಎನ್ನಬಹುದು. ಅದರ ಒಳತಡೆ ಸಾಮಾನ್ಯವಾಗಿ ಒಂದು ಕೋಟಿ ಓಮ್. 12 ವೋಲ್ಟ್ ಇದ್ದಾಗ ಅದರೊಳಗೆ ನುಸುಳುವುದು ಒಂದು ಆಂಪಿಯರಿನ ಹತ್ತು ಲಕ್ಷದ ಒಂದು ಭಾಗಕ್ಕಿಂತ ತುಸು ಹೆಚ್ಚು. 60 ವಾಟಿನ ಹೆಡ್‌ಲೈಟ್ ಬಲ್ಬಿಗೆ ಬೇಕಾದದ್ದು 5 ಆಂಪಿಯರ್. ಅಂದರೆ ಮೀಟರು ಕೇಳುವುದಕ್ಕಿಂತ ಸುಮಾರು 40 ಲಕ್ಷ ಪಟ್ಟು ಹೆಚ್ಚು. ತಾಮ್ರದ ಎಳೆಗಳೆಲ್ಲ ಹಸಿರುಗಟ್ಟಿ ತುಂಡಾಗಿ, ಪ್ಲಾಸ್ಟಿಕ್ ಹೊದಿಕೆಯೊಳಗೆ ತುಕ್ಕು ತಿಂದ ತುದಿಗಳು ಬರೀ ತಾಗಿಕೊಂಡಿದ್ದರೂ ಮೀಟರಿನ ಹಸಿವಿಗೆ ಅದು ಧಾರಾಳ. ಹಾಗಾಗಿ 12 ವೋಲ್ಟ್ ಕಾಣುತ್ತದೆ. ಬಲ್ಬು ಹಾಕಿದ ಕ್ಷಣ ಆ ತುಕ್ಕಿನಲ್ಲೇ ಒತ್ತಡವೆಲ್ಲ ಖರ್ಚಾಗಿ ಬಲ್ಬಿಗೆ ಏನೂ ಉಳಿಯುವುದಿಲ್ಲ.

ಮೀಟರು ಸುಳ್ಳು ಹೇಳಲಿಲ್ಲ. ‘ಹರಿವೇ ಇಲ್ಲದಿದ್ದಾಗ ಇಲ್ಲಿ ಒತ್ತಡ ಎಷ್ಟು?’ ಎಂದು ಕೇಳಿದೆವು, ಅದಕ್ಕೆ ಸರಿಯಾದ ಉತ್ತರವನ್ನೇ ಕೊಟ್ಟಿತು. ಕೇಳಬೇಕಾಗಿದ್ದದ್ದು ‘ಬಲ್ಬು ತನ್ನ ಪಾಲಿನ 5 ಆಂಪಿಯರ್ ಎಳೆಯುವಾಗ ಒತ್ತಡ ಎಷ್ಟು ಉಳಿಯುತ್ತದೆ?’ ಎಂದು.

ಓಮ್ ಮೇಷ್ಟ್ರನ್ನೂ ಕಾಡಿದ ಬ್ಯಾಟರಿ

ಒತ್ತಡ, ತಡೆ, ಹರಿವುಗಳ ನಡುವಿನ ಈ ನಿಯಮವನ್ನು ಕಂಡುಕೊಂಡ ಗೇಯಾರ್ಗ್ ಸೈಮನ್ ಓಮ್ ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟ್ರು. 1825ರಲ್ಲಿ ಬೇರೆ ಬೇರೆ ಉದ್ದದ ತಂತಿಗಳಲ್ಲಿ ಎಷ್ಟು ವಿದ್ಯುತ್ ಹರಿಯುತ್ತದೆಂದು ಅಳೆಯಲು ಹೊರಟಾಗ ಅವನಿಗೆ ಅಡ್ಡಬಂದದ್ದು ಬ್ಯಾಟರಿಯೇ. ತಂತಿ ಜೋಡಿಸಿದ ಕೂಡಲೇ ಒತ್ತಡ ಜಗ್ಗುತ್ತಿತ್ತು, ನಿಮಿಷ ನಿಮಿಷಕ್ಕೂ ಅಳತೆ ಬದಲಾಗುತ್ತಿತ್ತು. ಬ್ಯಾಟರಿಯೊಳಗೂ ತಡೆ ಇರುತ್ತದೆ. ಹರಿವು ಹೆಚ್ಚಾದಂತೆ ಒಂದಷ್ಟು ಒತ್ತಡ ಅದರ ಹೊಟ್ಟೆಯೊಳಗೇ ಖರ್ಚಾಗಿಬಿಡುತ್ತದೆ.

ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿ ಒಂದು ಉಪಾಯ ಸೂಚಿಸಿದ. ಎರಡು ಲೋಹಗಳ ಬೆಸುಗೆಗಳಲ್ಲಿ ಒಂದನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಚಿಕ್ಕದಾದರೂ ಕದಲದ ಒತ್ತಡ ಸಿಗುತ್ತದೆ ಎಂಬುದು ಆಗಷ್ಟೇ ಗೊತ್ತಾಗಿತ್ತು. 1826ರಲ್ಲಿ ಓಮ್ ಬಿಸ್ಮತ್ ಮತ್ತು ತಾಮ್ರದ ಜೋಡಿಯ ಒಂದು ತುದಿಯನ್ನು ಕುದಿಯುವ ನೀರಿನಲ್ಲೂ ಇನ್ನೊಂದನ್ನು ಮಂಜುಗಡ್ಡೆಯಲ್ಲೂ ಇಟ್ಟು ಅಳೆದ. ಈಗ ಅಂಕಿಗಳು ಒಂದು ಸಾಲಿಗೆ ಬಂದವು. 1827ರಲ್ಲಿ ಪುಸ್ತಕ ಬಂತು. ಅವನ ನಾಡಿನ ಪಂಡಿತರು ಮೊದಲು ಮೂಗು ಮುರಿದರು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲೆ ಪದಕ ಕೊಟ್ಟು ಗೌರವಿಸಿತು.

ಗ್ಯಾರೇಜಿಗೂ ಇದರಿಂದ ಪಾಠವಿದೆ. ಹಳೆಯದಾಗಿ ಒಳತಡೆ ಹೆಚ್ಚಾದ ಬ್ಯಾಟರಿ ಸುಮ್ಮನಿದ್ದಾಗ 12.5 ತೋರಿಸಿ, ಸೆಲ್ಫ್ ಹೊಡೆದ ಕೂಡಲೇ 7ಕ್ಕೋ 8ಕ್ಕೋ ಕುಸಿಯಬಹುದು. ಆದ್ದರಿಂದ ಬ್ಯಾಟರಿಯನ್ನೂ ಕೆಲಸಕ್ಕೆ ಹಚ್ಚಿಯೇ ನೋಡಬೇಕು. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ಎರಡು ಕಂಬಗಳ ನಡುವೆ 9.6 ವೋಲ್ಟಿಗಿಂತ ಕೆಳಗಿಳಿಯದಿದ್ದರೆ ಸಾಧಾರಣವಾಗಿ ಅದು ಗಟ್ಟಿಯಾಗಿದೆ ಎಂದು ಲೆಕ್ಕ.

ಒಂದೇ ತುಕ್ಕಿಗೆ ಮೂರು ಲೆಕ್ಕ

ಬ್ಯಾಟರಿಯಿಂದ ಹೊರಡುವ ದಾರಿಯಲ್ಲಿ ಒಂದು ಜೋಡಣೆ ತುಕ್ಕು ಹಿಡಿದು 0.05 ಓಮ್ ತಡೆ ಹುಟ್ಟಿದೆ ಎಂದುಕೊಳ್ಳಿ. ಒಂದು ಓಮಿನ ಇಪ್ಪತ್ತನೇ ಒಂದು ಭಾಗ. ಕೇಳಿದರೆ ಏನೂ ಅಲ್ಲ ಎನಿಸುತ್ತದೆ.

ಇದೇ ದಾರಿಯಲ್ಲಿ 5 ವಾಟಿನ ಪಾರ್ಕಿಂಗ್ ಬಲ್ಬು ಹಚ್ಚಿದರೆ ಹರಿವು 0.4 ಆಂಪಿಯರ್, ದಾರಿಖರ್ಚು 0.02 ವೋಲ್ಟ್. ಬಲ್ಬಿಗೆ ಗೊತ್ತೇ ಆಗುವುದಿಲ್ಲ. ಎರಡೂ ಹೆಡ್‌ಲೈಟ್ ಹಚ್ಚಿದರೆ ಹರಿವು 10 ಆಂಪಿಯರ್, ಖರ್ಚು ಅರ್ಧ ವೋಲ್ಟ್. ಬೆಳಕು ತುಸು ಕಡಿಮೆಯಾದೀತು. ಪಕ್ಕದಲ್ಲಿ ಹೋಲಿಸಲು ಇನ್ನೊಂದು ಗಾಡಿ ಇಲ್ಲದಿದ್ದರೆ ಕಣ್ಣಿಗೆ ತಿಳಿಯದು. ಈಗ ಸೆಲ್ಫ್ ಹೊಡೆಯಿರಿ. ಸಣ್ಣ ಪೆಟ್ರೋಲ್ ಕಾರಿನ ಸೆಲ್ಫ್ ಮೋಟಾರಿಗೂ ನೂರಕ್ಕಿಂತ ಹೆಚ್ಚು ಆಂಪಿಯರ್ ಬೇಕು. ಡೀಸೆಲ್ ಗಾಡಿಗಳಿಗೆ ಇನ್ನೂ ಹೆಚ್ಚು. ಬರೀ 100 ಆಂಪಿಯರ್ ಎಂದೇ ಹಿಡಿದರೂ ಆ ತುಕ್ಕಿನಲ್ಲಿ 5 ವೋಲ್ಟ್ ಮಾಯ. ಉಳಿದ ಒತ್ತಡಕ್ಕೆ ಎಂಜಿನ್ನನ್ನು ಅಲುಗಾಡಿಸುವ ಶಕ್ತಿ ಇರುವುದಿಲ್ಲ.

ಹಾರ್ನು, ದೀಪ, ಮ್ಯೂಸಿಕ್ ಸಿಸ್ಟಮ್ ಎಲ್ಲ ಕೆಲಸ ಮಾಡಿ ಸೆಲ್ಫ್ ಒಂದೇ ಕೈಕೊಡುವ ಗುಟ್ಟು ಇದು. ಎಲ್ಲಕ್ಕಿಂತ ಹೆಚ್ಚು ಹರಿವು ಬೇಡುವ ಸಾಧನವೇ ದಾರಿ ಹಾಳಾದ ಸುದ್ದಿಯನ್ನು ಮೊದಲು ಹೇಳುತ್ತದೆ.

ಕಳೆದುಹೋದ ವೋಲ್ಟು ಎಲ್ಲಿಗೂ ಹೋಗಿರುವುದಿಲ್ಲ, ಶಾಖವಾಗಿರುತ್ತದೆ. 5 ವೋಲ್ಟ್, 100 ಆಂಪಿಯರ್ ಎಂದರೆ 500 ವಾಟ್. ಬೆರಳಗಲದ ಜಾಗದಲ್ಲಿ ಅಷ್ಟು ಬಿಸಿ ಹುಟ್ಟುತ್ತದೆ. ಅನುಭವಸ್ಥ ಮೆಕ್ಯಾನಿಕ್ ಸೆಲ್ಫನ್ನು ಕೆಲವು ಸೆಕೆಂಡು ಹೊಡೆಸಿ ಬ್ಯಾಟರಿಯ ಕ್ಲಾಂಪನ್ನೂ ದಪ್ಪ ಕೇಬಲ್ಲಿನ ತುದಿಗಳನ್ನೂ ಹುಷಾರಾಗಿ ಮುಟ್ಟಿ ನೋಡುವುದು ಇದಕ್ಕೇ. ಯಾವ ಜೋಡಣೆ ಚುರುಕ್ ಎನ್ನುತ್ತದೋ ಅಲ್ಲೇ ತೊಂದರೆ.

‘ಟಕ ಟಕ ಟಕ’ ಸದ್ದಿನೊಳಗೆ

ವಿದ್ಯುತ್ ಸೆಲ್ಫ್ ಇರುವ ಕಾರು ಮಾರುಕಟ್ಟೆಗೆ ಬಂದದ್ದು 1912ರಲ್ಲಿ, ಅಮೆರಿಕದ ಕ್ಯಾಡಿಲಾಕ್. ಅದನ್ನು ರೂಪಿಸಿದ ಚಾರ್ಲ್ಸ್ ಕೆಟರಿಂಗ್ ಅದಕ್ಕೆ ಮುಂಚೆ ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ಮೋಟಾರು ಕೂರಿಸಿದ್ದವನು. ಕೆಲವೇ ಸೆಕೆಂಡು ದುಡಿಯುವ ಚಿಕ್ಕ ಮೋಟಾರಿನ ಮೇಲೆ ಅದರ ಗಾತ್ರಕ್ಕೆ ಮೀರಿದ ಹೊರೆ ಹಾಕಬಹುದು ಎಂಬುದು ಅವನಿಗೆ ಗೊತ್ತಿತ್ತು. ಇಂದಿನ ಸೆಲ್ಫ್ ಮೋಟಾರೂ ಅದೇ ಜಾತಿ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಹೊಡೆಯಬೇಡಿ ಎನ್ನುವುದು ಅದಕ್ಕಾಗಿ.

ಮೋಟಾರಿನ ಬೆನ್ನ ಮೇಲೆ ಒಂದು ಚಿಕ್ಕ ಉರುಳೆ ಕೂತಿರುತ್ತದೆ; ಗ್ಯಾರೇಜಿನಲ್ಲಿ ಅದಕ್ಕೆ ಸೊಲೆನಾಯ್ಡ್ ಎನ್ನುತ್ತಾರೆ. ಕೀ ತಿರುಗಿಸಿದಾಗ ಅದರ ಸುರುಳಿಗೆ ವಿದ್ಯುತ್ ಬಂದು ಕಾಂತವಾಗುತ್ತದೆ, ಒಳಗಿನ ಕಬ್ಬಿಣದ ಸರಳನ್ನು ಸೆಳೆಯುತ್ತದೆ. ಒಂದೇ ಸೆಳೆತಕ್ಕೆ ಎರಡು ಕೆಲಸ: ಪಿನಿಯನ್ ಎಂಬ ಚಿಕ್ಕ ಹಲ್ಲಿನ ಚಕ್ರವನ್ನು ಮುಂದೆ ತಳ್ಳಿ ಎಂಜಿನ್ನಿನ ದೊಡ್ಡ ಚಕ್ರಕ್ಕೆ ಸಿಕ್ಕಿಸುವುದು, ದಪ್ಪ ತಾಮ್ರದ ತುಂಡೊಂದನ್ನು ಎರಡು ಬೋಲ್ಟುಗಳಿಗೆ ಅಡ್ಡ ಒತ್ತಿ ಮೋಟಾರಿಗೆ ಹೆದ್ದಾರಿ ತೆರೆಯುವುದು.

ದಾರಿಯಲ್ಲಿ ತಡೆ ಹೆಚ್ಚಿದ್ದಾಗ ಅಥವಾ ಬ್ಯಾಟರಿ ಬಸವಳಿದಿದ್ದಾಗ ಏನಾಗುತ್ತದೆ ನೋಡಿ. ಮೊದಲಿಗೆ ಹರಿವು ಕಡಿಮೆ. ಆದ್ದರಿಂದ ಒತ್ತಡ ಚೆನ್ನಾಗಿದೆ, ಸೊಲೆನಾಯ್ಡ್ ಸೆಳೆಯುತ್ತದೆ: ಟಕ್. ತಾಮ್ರದ ತುಂಡು ಕೂಡಿದ ಕ್ಷಣವೇ ಮೋಟಾರು ನೂರಾರು ಆಂಪಿಯರಿಗೆ ಬಾಯಿ ತೆರೆಯುತ್ತದೆ; ದಾರಿಖರ್ಚು ಏರಿ ಒತ್ತಡ ಧೊಪ್ಪನೆ ಬೀಳುತ್ತದೆ. ಕಾಂತದ ಹಿಡಿತ ಸಡಿಲಿ ಸ್ಪ್ರಿಂಗು ಸರಳನ್ನು ಹಿಂದಕ್ಕೆ ನೂಕುತ್ತದೆ. ಹೆದ್ದಾರಿ ಮುಚ್ಚಿತು, ಹರಿವು ನಿಂತಿತು, ಒತ್ತಡ ಮತ್ತೆ ಏರಿತು, ಕಾಂತ ಮತ್ತೆ ಸೆಳೆಯಿತು: ಟಕ್. ಸೆಕೆಂಡಿಗೆ ಹಲವು ಸಲ ನಡೆಯುವ ಈ ಎಳೆದಾಟವೇ ನಾವು ಕೇಳುವ ‘ಟಕ ಟಕ ಟಕ’.

ಕಿವಿಯ ಜೊತೆ ಕಣ್ಣನ್ನೂ ಸೇರಿಸಿದರೆ ಇನ್ನಷ್ಟು ತಿಳಿಯುತ್ತದೆ. ಹೆಡ್‌ಲೈಟ್ ಹಚ್ಚಿಟ್ಟು ಸೆಲ್ಫ್ ಹೊಡೆಯಿರಿ. ದೀಪ ಸತ್ತಂತಾದರೆ ಬ್ಯಾಟರಿ ಅಥವಾ ಅದರ ಕ್ಲಾಂಪಿನಲ್ಲಿ ತೊಂದರೆ. ಆ ದಾರಿ ದೀಪಕ್ಕೂ ಸೆಲ್ಫಿಗೂ ಒಂದೇ. ಟಕ್ ಎಂದರೂ ದೀಪ ಅಷ್ಟೇನೂ ಕುಗ್ಗದಿದ್ದರೆ ಸೆಲ್ಫಿಗಷ್ಟೇ ಹೋಗುವ ದಾರಿ ಕೆಟ್ಟಿದೆ, ಇಲ್ಲವೇ ಸೊಲೆನಾಯ್ಡಿನ ತಾಮ್ರದ ತುಂಡು ಸುಟ್ಟಿದೆ. ಸದ್ದೂ ಇಲ್ಲ, ದೀಪವೂ ಕದಲಲಿಲ್ಲ ಎಂದರೆ ಸೊಲೆನಾಯ್ಡಿಗೆ ಅಪ್ಪಣೆಯೇ ತಲುಪಿಲ್ಲ. ಕೀ ಸ್ವಿಚ್ಚು, ರಿಲೇ, ಕ್ಲಚ್ ಸ್ವಿಚ್ಚುಗಳ ಕಡೆ ನೋಡಬೇಕು.

ದಾರಿಖರ್ಚನ್ನೇ ಅಳೆಯುವುದು

ಈಗ ಮೀಟರಿಗೆ ಸರಿಯಾದ ಪ್ರಶ್ನೆ ಕೇಳೋಣ. ಮೀಟರು ಅಳೆಯುವುದು ಯಾವಾಗಲೂ ಎರಡು ಜಾಗಗಳ ನಡುವಿನ ಒತ್ತಡದ ವ್ಯತ್ಯಾಸವನ್ನು. ಅದರ ಎರಡು ಮೊನೆಗಳನ್ನು ಒಂದೇ ಕೇಬಲ್ಲಿನ ಎರಡು ತುದಿಗೆ ಹಿಡಿದರೆ ಆ ಕೇಬಲ್ಲು ನುಂಗುತ್ತಿರುವ ವೋಲ್ಟ್ ಎಷ್ಟೆಂದು ನೇರವಾಗಿ ಕಾಣಿಸುತ್ತದೆ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಜೊತೆಗಾರರೊಬ್ಬರು ಸೆಲ್ಫ್ ಹೊಡೆಯಲಿ. ಅವರು ಹೊಡೆಯುತ್ತಿರುವ ಹೊತ್ತಿನಲ್ಲಿ ಮಾತ್ರ ಅಳತೆ.

ಮೊದಲು ಬ್ಯಾಟರಿಯ ಎರಡು ಸೀಸದ ಕಂಬಗಳ ನಡುವೆ. ಆಮೇಲೆ ಪ್ಲಸ್ ಕಂಬದಿಂದ ಸೆಲ್ಫ್ ಮೋಟಾರಿನ ಬೋಲ್ಟಿಗೆ. ಇಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಬರಬಾರದು. ಕೊನೆಗೆ ಮೈನಸ್ ಕಂಬದಿಂದ ಎಂಜಿನ್ನಿನ ಮೈಗೆ, ಬಣ್ಣವಿಲ್ಲದ ಬರಿ ಲೋಹಕ್ಕೆ; ಇಲ್ಲಿ 0.2, ಹೆಚ್ಚೆಂದರೆ 0.3. ಮೊನೆಯನ್ನು ಕ್ಲಾಂಪಿಗೆ ಹಿಡಿಯದೆ ಕಂಬದ ಸೀಸಕ್ಕೇ ಚುಚ್ಚಬೇಕು. ಕಂಬಕ್ಕೂ ಕ್ಲಾಂಪಿಗೂ ನಡುವೆ ಬೆಳೆಯುವ ಬಿಳಿ, ಹಸಿರು ಪುಡಿ ಎಷ್ಟೋ ಸಲ ಅಸಲಿ ಅಪರಾಧಿಯಾಗಿರುತ್ತದೆ.

ಅಧ್ಯಾಯದ ಮೊದಲಿಗೆ ಹೇಳಿದ ಕಾರಿಗೆ ಹೀಗೆ ಹಿಡಿದಾಗ ಬ್ಯಾಟರಿಯ ಮೇಲೆ 11.8, ಪ್ಲಸ್ ದಾರಿಯಲ್ಲಿ 0.3, ಮೈನಸ್ ದಾರಿಯಲ್ಲಿ 6.2 ಬಂತೆನ್ನಿ. ಕಳೆದರೆ ಮೋಟಾರಿಗೆ ಉಳಿದದ್ದು 5.3 ವೋಲ್ಟ್. ಅರ್ಧಕ್ಕಿಂತ ಹೆಚ್ಚಿನ ಒತ್ತಡ ವಾಪಸು ಬರುವ ದಾರಿಯಲ್ಲೇ ಖರ್ಚಾಗುತ್ತಿದೆ. ಎಂಜಿನ್ನು ರಬ್ಬರ್ ಮೌಂಟುಗಳ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ವಿದ್ಯುತ್ ಹರಿಯದು. ಅದಕ್ಕಾಗಿ ಎಂಜಿನ್ನಿನಿಂದ ಬಾಡಿಗೆ ಅಥವಾ ಬ್ಯಾಟರಿಗೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಕೊಟ್ಟಿರುತ್ತಾರೆ, ಅದೇ ಅರ್ಥ್ ಪಟ್ಟಿ. ಅದು ತುಕ್ಕು ಹಿಡಿದಿದೆ ಅಥವಾ ಬೋಲ್ಟು ಸಡಿಲವಾಗಿದೆ. ಹೆಡ್‌ಲೈಟೂ ಹಾರ್ನೂ ವಾಪಸು ಬರುವುದು ಬಾಡಿಯ ಮೂಲಕ, ಅವುಗಳಿಗೆ ಈ ಪಟ್ಟಿಯ ಹಂಗಿಲ್ಲ. ಬೆಂಚಿನ ಮೇಲೆ ನೇರ ತಂತಿ ಕೊಟ್ಟಾಗ ಮೋಟಾರಿಗೂ ಆ ಪಟ್ಟಿ ಬೇಕಾಗಿರಲಿಲ್ಲ. ಜಂಪರ್ ಕೇಬಲ್ ಒಂದನ್ನು ಮೈನಸ್ ಕಂಬದಿಂದ ಎಂಜಿನ್ನಿನ ಲೋಹಕ್ಕೆ ಕಚ್ಚಿಸಿ ಸೆಲ್ಫ್ ಹೊಡೆದರೆ ಇದು ಖಾತ್ರಿಯಾಗುತ್ತದೆ.

ಪಟ್ಟಿ ಪೂರ್ತಿ ಕಿತ್ತುಹೋದಾಗ ಹರಿವು ಬೇರೆ ಸಂದಿಗೊಂದಿ ಹುಡುಕುತ್ತದೆ. ಆಕ್ಸಿಲರೇಟರ್, ಕ್ಲಚ್, ಗೇರಿನ ಉಕ್ಕಿನ ಕೇಬಲ್ಲುಗಳ ಮೂಲಕ ನುಗ್ಗಿ ಅವುಗಳ ಪ್ಲಾಸ್ಟಿಕ್ ಕವಚವನ್ನೇ ಕರಗಿಸಿಬಿಡಬಲ್ಲದು. ಕ್ಲಚ್ ಕೇಬಲ್ ಕಾರಣವಿಲ್ಲದೆ ಪದೇ ಪದೇ ಸುಟ್ಟರೆ ಅರ್ಥ್ ಪಟ್ಟಿಯನ್ನು ನೋಡಬೇಕಾಗುತ್ತದೆ.

ಓಮ್ ಅಳೆಯುವ ಗುಂಡಿಯನ್ನೇ ತಿರುಗಿಸಿ ಕೇಬಲ್ಲಿನ ತಡೆಯನ್ನು ಅಳೆದರಾಗದೆ? ಆಗದು. ಮೀಟರಿನ ಎರಡು ಮೊನೆಗಳನ್ನು ಒಂದಕ್ಕೊಂದು ತಾಗಿಸಿ ನೋಡಿ, ಅದೇ 0.2 ಓಮ್ ಎಂದೋ 0.3 ಓಮ್ ಎಂದೋ ತೋರಿಸುತ್ತದೆ. ನಾವು ಹುಡುಕುತ್ತಿರುವ 0.05 ಅದರೊಳಗೆ ಮುಳುಗಿಹೋಗುತ್ತದೆ. ನೂರು ಆಂಪಿಯರ್ ಹರಿಸಿದಾಗ ಅದೇ 0.05 ಐದು ವೋಲ್ಟಾಗಿ ಎದ್ದು ನಿಲ್ಲುತ್ತದೆ.

ವಾಪಸು ಬರುವ ದಾರಿ

ಟೆಂಪೊದ ಕುಣಿಯುವ ದೀಪಗಳಿಗೂ ಇದೇ ವಿವರಣೆ. ಗಾಡಿಯಲ್ಲಿ ಪ್ರತಿ ಬಗೆಯ ದೀಪಕ್ಕೂ ಬೇರೆ ಬೇರೆ ಪ್ಲಸ್ ತಂತಿ ಇರುತ್ತದೆ, ವಾಪಸು ಬರಲು ಮಾತ್ರ ಗಾಡಿಯ ಕಬ್ಬಿಣದ ಮೈಯೇ ದಾರಿ. ಹಿಂದಿನ ಡಬ್ಬಿಯಲ್ಲಿರುವ ಪಾರ್ಕಿಂಗ್, ಬ್ರೇಕ್, ಇಂಡಿಕೇಟರ್ ಬಲ್ಬುಗಳು ಸಾಮಾನ್ಯವಾಗಿ ಒಂದೇ ಕಪ್ಪು ತಂತಿಯಲ್ಲಿ ಕೂಡಿ, ಒಂದೇ ಸ್ಕ್ರೂವಿನಲ್ಲಿ ಬಾಡಿಗೆ ಸೇರುತ್ತವೆ.

ಆ ಸ್ಕ್ರೂ ತುಕ್ಕು ಹಿಡಿದರೆ ಇಂಡಿಕೇಟರಿನ ಹರಿವಿಗೆ ವಾಪಸು ಹೋಗಲು ದಾರಿಯಿಲ್ಲ. ಕೂಡುವ ಜಾಗದಲ್ಲಿ ಒತ್ತಡ ಏರುತ್ತದೆ. ಹರಿವು ಪಕ್ಕದ ಪಾರ್ಕಿಂಗ್ ಬಲ್ಬಿನ ಎಳೆಯೊಳಗೆ ಉಲ್ಟಾ ನುಗ್ಗಿ, ಅದರ ಪ್ಲಸ್ ತಂತಿಯಲ್ಲಿ ಹಿಂದಕ್ಕೆ ಹೋಗಿ, ಇನ್ನೊಂದು ಬದಿಯ ಬಲ್ಬುಗಳ ಮೂಲಕ ಬಾಡಿ ಸೇರುತ್ತದೆ. ಹಾಗೆ ಹಾಯ್ದು ಹೋಗುವಾಗೆಲ್ಲ ಪಾರ್ಕಿಂಗ್ ದೀಪ ಮಿನುಗುತ್ತದೆ. ಬ್ರೇಕ್ ಒತ್ತಿದಾಗ ಬ್ರೇಕ್ ಬಲ್ಬೂ ಅದೇ ಇಕ್ಕಟ್ಟಾದ ಸ್ಕ್ರೂವಿಗೆ ತನ್ನ ಹರಿವನ್ನು ತಳ್ಳುವುದರಿಂದ ಇಂಡಿಕೇಟರಿನ ಪಾಲು ಕುಗ್ಗುತ್ತದೆ. ತಂತುವಿನ ಬಲ್ಬಿನ ಬೆಳಕು ಒತ್ತಡಕ್ಕಿಂತ ಬೇಗ ಬೀಳುತ್ತದೆ ಎಂಬುದನ್ನೂ ನೆನಪಿಡಿ: ವೋಲ್ಟೇಜ್ ಶೇಕಡಾ 10 ಇಳಿದರೆ ಬೆಳಕು ಹೆಚ್ಚುಕಡಿಮೆ ಶೇಕಡಾ 30 ಇಳಿಯುತ್ತದೆ.

ದೀಪ ಹಚ್ಚಿಟ್ಟು ಮೀಟರಿನ ಒಂದು ಮೊನೆಯನ್ನು ಡಬ್ಬಿಯ ಅರ್ಥ್ ತಂತಿಗೆ, ಇನ್ನೊಂದನ್ನು ಬ್ಯಾಟರಿಯ ಮೈನಸ್‌ಗೆ ಹಿಡಿದರೆ ಒಂದೇ ಗುಕ್ಕಿಗೆ ಗೊತ್ತಾಗುತ್ತದೆ. ಅಲ್ಲಿ ಹೆಚ್ಚೂಕಡಿಮೆ ಸೊನ್ನೆ ಇರಬೇಕು. ಎರಡೋ ಮೂರೋ ವೋಲ್ಟ್ ಕಂಡರೆ ಬಲ್ಬು ಬದಲಿಸುವುದು ದಂಡ.

ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿಗೆ, ಮಲೆನಾಡಿನ ಮಳೆಗೆ ಈ ಸ್ಕ್ರೂಗಳು ಬೇಗ ಬಲಿಯಾಗುತ್ತವೆ. ಇನ್ನೊಂದು ಕಾರಣವನ್ನು ಗ್ಯಾರೇಜಿನವರೇ ತಂದುಕೊಳ್ಳುತ್ತಾರೆ. ಗಾಡಿ ಗುದ್ದಿಸಿಕೊಂಡು ಟಿಂಕರಿಂಗ್‌ಗೆ ಹೋಗುತ್ತದೆ. ಬಾಡಿ ತಟ್ಟಿ ಪ್ರೈಮರ್, ಪೇಂಟ್ ಹೊಡೆಯುತ್ತಾರೆ. ಅರ್ಥ್ ಸ್ಕ್ರೂವನ್ನು ಆ ಹೊಸ ಬಣ್ಣದ ಮೇಲೆಯೇ ಬಿಗಿಯುತ್ತಾರೆ. ಬಣ್ಣ ವಿದ್ಯುತ್ತನ್ನು ಬಿಡುವುದಿಲ್ಲ. ಪೇಂಟಿಂಗ್ ಆದ ಮೇಲೆ ಹಿಂದಿನ ದೀಪಗಳು ಕಾಟ ಕೊಡತೊಡಗಿದರೆ ಸ್ಕ್ರೂ ಬಿಚ್ಚಿ, ಅಡಿಯ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜಿ ಬಿಳಿ ಲೋಹ ಕಾಣಿಸಿ ಬಿಗಿಯುವುದೇ ಚಿಕಿತ್ಸೆ.

ಟೆಸ್ಟ್ ಲ್ಯಾಂಪಿನ ಜಾಣತನ

ರಸ್ತೆಬದಿಯ ಆಟೋ ಎಲೆಕ್ಟ್ರಿಷಿಯನ್ನರ ಹತ್ತಿರ ಒಂದು ಹೋಲ್ಡರಿನಲ್ಲಿ ಇಂಡಿಕೇಟರ್ ಬಲ್ಬು, ಅದಕ್ಕೆ ಎರಡು ತಂತಿ, ಒಂದರ ತುದಿಗೆ ಮೊನಚು ಮೊಳೆ ಇರುತ್ತದೆ. ಡಿಜಿಟಲ್ ಮೀಟರ್ ಕೊಂಡವರಿಗೆ ಇದು ಹಳೆಗಾಲದ ಸಾಮಾನಿನಂತೆ ಕಾಣುತ್ತದೆ. ಆದರೆ ಒಂದು ವಿಷಯದಲ್ಲಿ ಇದು ಮೀಟರಿಗಿಂತ ಮುಂದು. 21 ವಾಟಿನ ಆ ಬಲ್ಬು ಉರಿಯಬೇಕಾದರೆ ಒಂದೂ ಮುಕ್ಕಾಲು ಆಂಪಿಯರ್ ಹರಿಯಲೇಬೇಕು. ಒಳಗೆ ತುಕ್ಕು ತಿಂದ ತಂತಿ ಮೀಟರಿನಲ್ಲಿ ಪಾಸಾಗಿ ಟೆಸ್ಟ್ ಲ್ಯಾಂಪಿನಲ್ಲಿ ಫೇಲಾಗುತ್ತದೆ.

ಇದರ ಹರಿವೇ ಕೆಲವು ಕಡೆ ಅಪಾಯ. ಏರ್‌ಬ್ಯಾಗಿನ ತಂತಿಗಳಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಲೇಬಾರದು, ಬ್ಯಾಗು ಸಿಡಿದೀತು. ಎಂಜಿನ್ ಕಂಪ್ಯೂಟರಿನ, ಸೆನ್ಸರುಗಳ ತೆಳು ತಂತಿಗಳೂ ಅಷ್ಟು ಹರಿವನ್ನು ತಾಳಲಾರವು. ಆ ತೆಳು ತಂತಿಗಳಿಗೆ ಡಿಜಿಟಲ್ ಮೀಟರೇ ಸರಿ.

ಹರಿವು ಬೇಡದ ಹೊತ್ತಿನಲ್ಲಿ ಹರಿದರೆ

ಇದುವರೆಗೆ ಬೇಕಾದ ಹರಿವು ಸಿಗದ ಕತೆ. ಕೆಲವು ಗಾಡಿಗಳಿಗೆ ತದ್ವಿರುದ್ಧ ಕಾಯಿಲೆ: ನಿಲ್ಲಿಸಿಟ್ಟಾಗಲೂ ಏನೋ ಒಂದು ಹರಿಯುತ್ತಿರುತ್ತದೆ, ಬ್ಯಾಟರಿ ತಾನಾಗಿಯೇ ಇಳಿಯುತ್ತದೆ.

ಕೀ ತೆಗೆದ ಮೇಲೂ ಗಡಿಯಾರ, ಅಲಾರಾಂ, ಕಂಪ್ಯೂಟರಿನ ನೆನಪು ಇವಕ್ಕೆ ಚೂರು ಹರಿವು ಬೇಕು. ಒಂದು ಆಂಪಿಯರಿನ ಇಪ್ಪತ್ತನೇ ಒಂದು ಭಾಗ, ಅಂದರೆ 50 ಮಿಲಿಆಂಪಿಯರಿನೊಳಗಿದ್ದರೆ ಸಾಮಾನ್ಯ. ಅಷ್ಟು ಹರಿದರೆ ದಿನಕ್ಕೆ 1.2 ಆಂಪಿಯರ್-ಗಂಟೆ ಖರ್ಚು. 45 ಆಂಪಿಯರ್-ಗಂಟೆಯ ತುಂಬಿದ ಬ್ಯಾಟರಿ ಅರ್ಧಕ್ಕಿಳಿಯಲು ಎರಡೂವರೆ ವಾರಕ್ಕೂ ಹೆಚ್ಚು ಬೇಕು. ಡಿಕ್ಕಿಯ ಮುಚ್ಚಳದ ಸ್ವಿಚ್ಚು ಕೆಟ್ಟು ಒಳಗಿನ 5 ವಾಟಿನ ಬಲ್ಬು ಉರಿಯುತ್ತಲೇ ಇದ್ದರೆ ದಿನಕ್ಕೆ 10 ಆಂಪಿಯರ್-ಗಂಟೆ. ಎರಡು ದಿನ ಕಳೆಯುವಷ್ಟರಲ್ಲಿ ಬ್ಯಾಟರಿ ಹೆಚ್ಚೂಕಡಿಮೆ ಅರ್ಧ ಖಾಲಿ. ಶುಕ್ರವಾರ ರಾತ್ರಿ ನಿಲ್ಲಿಸಿದ ಗಾಡಿ ಸೋಮವಾರ ಏಳದಿರುವುದಕ್ಕೆ ಇಷ್ಟು ಸಾಕು.

ಯಾವ ಸರ್ಕೀಟು ಕದಿಯುತ್ತಿದೆ ಎಂದು ಹುಡುಕಲು ಫ್ಯೂಸುಗಳನ್ನು ಒಂದೊಂದಾಗಿ ಕೀಳುವವರಿದ್ದಾರೆ. ಈಗಿನ ಗಾಡಿಗಳಲ್ಲಿ ಹಾಗೆ ಕಿತ್ತು ಹಾಕಿದರೆ ಮಲಗಿದ್ದ ಕಂಪ್ಯೂಟರುಗಳು ಎಚ್ಚೆತ್ತು ಲೆಕ್ಕ ಕೆಡುತ್ತದೆ. ದಾರಿಖರ್ಚಿನ ನಿಯಮ ಇಲ್ಲೂ ಕೈಹಿಡಿಯುತ್ತದೆ. ಫ್ಯೂಸೂ ಒಂದು ತಂತಿಯೇ, ಅದಕ್ಕೂ ಚೂರು ತಡೆಯಿದೆ. ಚಪ್ಪಟೆ ಫ್ಯೂಸಿನ ತಲೆಯ ಮೇಲೆ ಎರಡು ಲೋಹದ ಚುಕ್ಕೆಗಳು ಕಾಣುತ್ತವೆ. ಗಾಡಿಗೆ ಲಾಕ್ ಹಾಕಿ, ಎಲ್ಲ ಮಲಗಲು ಅರ್ಧ ಗಂಟೆ ಬಿಟ್ಟು, ಮೀಟರನ್ನು ಮಿಲಿವೋಲ್ಟಿಗೆ ತಿರುಗಿಸಿ ಆ ಎರಡು ಚುಕ್ಕೆಗಳಿಗೆ ಮೊನೆ ಇಡಿ. ಸೊನ್ನೆ ಬಂದ ಫ್ಯೂಸಿನಲ್ಲಿ ಹರಿವಿಲ್ಲ. ಯಾವುದರಲ್ಲಿ ಅಂಕಿ ಮೂಡುತ್ತದೋ ಆ ಸರ್ಕೀಟು ಎಚ್ಚರವಾಗಿದೆ. ಏನನ್ನೂ ಕೀಳದೆ ಕಳ್ಳನ ಮನೆ ಸಿಕ್ಕಿತು.

ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ ಎಲ್ಲೋ ತಂತಿ ಸಿಪ್ಪೆ ಸುಲಿದು ಬಾಡಿಗೆ ತಾಗುತ್ತಿದೆ, ಹರಿವು ಮಿತಿ ಮೀರುತ್ತಿದೆ ಎಂದರ್ಥ. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಹೋಯಿತೆಂದು ಹಸಿರು ಬಣ್ಣದ 30 ಆಂಪಿಯರ್ ಫ್ಯೂಸ್ ಸಿಕ್ಕಿಸಿದರೆ ಮುಂದಿನ ಸಲ ಕರಗುವುದು ಫ್ಯೂಸಲ್ಲ, ಡ್ಯಾಶ್‌ಬೋರ್ಡಿನ ಹಿಂದಿನ ತಂತಿ.

ಒತ್ತಡ ಏರಿಸಿ ಹರಿವು ಇಳಿಸುವುದು

ಗಾಡಿ ತಯಾರಕರೂ ಈ ದಾರಿಖರ್ಚಿನ ಜೊತೆಗೇ ಗುದ್ದಾಡುತ್ತ ಬಂದಿದ್ದಾರೆ. ಒಂದೇ ಶಕ್ತಿಯನ್ನು ಎರಡರಷ್ಟು ಒತ್ತಡದಲ್ಲಿ ಕಳಿಸಿದರೆ ಅರ್ಧ ಹರಿವು ಸಾಕು. ಅದೇ ತಂತಿಯಲ್ಲಿ ಹುಟ್ಟುವ ಶಾಖ ಕಾಲು ಭಾಗಕ್ಕಿಳಿಯುತ್ತದೆ. ಒಂದು ಕಾಲದಲ್ಲಿ 6 ವೋಲ್ಟಿನಲ್ಲಿ ಓಡುತ್ತಿದ್ದ ಅಮೆರಿಕದ ಕಾರುಗಳು ದೊಡ್ಡ ಎಂಜಿನ್ನುಗಳನ್ನು ತಿರುಗಿಸಲಾರದೆ 1950ರ ದಶಕದಲ್ಲಿ 12ಕ್ಕೆ ಬಂದವು. ದೊಡ್ಡ ಬಸ್ಸು, ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುವುದೂ ಇದಕ್ಕೇ. ನೂರಾರು ವೋಲ್ಟಿನ ದೊಡ್ಡ ಬ್ಯಾಟರಿ ಇರುವ ಎಲೆಕ್ಟ್ರಿಕ್ ಕಾರಿನಲ್ಲೂ ದೀಪ, ಲಾಕು, ಕಂಪ್ಯೂಟರುಗಳಿಗೆ ಸಾಮಾನ್ಯವಾಗಿ 12 ವೋಲ್ಟಿನ ಪುಟ್ಟ ಬ್ಯಾಟರಿಯೇ ಆಧಾರ. ಅದು ಇಳಿದರೆ ಲಕ್ಷಗಟ್ಟಲೆ ಬೆಲೆಯ ಕಾರು ಕದಲುವುದಿಲ್ಲ.

ಸೊನ್ನೆಯೇ ಏರಿದರೆ ಲೆಕ್ಕವೆಲ್ಲ ತಪ್ಪು

ಈಗಿನ ಗಾಡಿಗಳಲ್ಲಿ ಅರ್ಥ್ ಕೆಟ್ಟರೆ ದೀಪ ಮಂಕಾಗುವುದಕ್ಕಿಂತ ಹೆಚ್ಚಿನ ಅನಾಹುತವಾಗುತ್ತದೆ. ಸೆನ್ಸರುಗಳು ಕಂಪ್ಯೂಟರಿನ ಜೊತೆ ಮಾತಾಡುವುದು ವೋಲ್ಟೇಜಿನಲ್ಲೇ, ಅದೂ ಸಾಮಾನ್ಯವಾಗಿ ಸೊನ್ನೆಯಿಂದ 5 ವೋಲ್ಟಿನೊಳಗೆ. ಹೊಗೆಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ಹೇಳುವ ಮಾಮೂಲಿ ಸೆನ್ಸರಿನ ಇಡೀ ಮಾತು 0.1ರಿಂದ 0.9 ವೋಲ್ಟಿನ ನಡುವೆ ಮುಗಿಯುತ್ತದೆ. ಅರ್ಥ್ ದಾರಿಯಲ್ಲಿ 0.3 ವೋಲ್ಟ್ ಖರ್ಚಾದರೆ ಬಲ್ಬಿಗೆ ಏನೂ ಅನಿಸದು. ಆ ಸೆನ್ಸರಿನ ಮಾತು ಮಾತ್ರ ಪೂರ್ತಿ ತಿರುಚಿಹೋಗಬಹುದು. ಕಂಪ್ಯೂಟರು ಪೆಟ್ರೋಲನ್ನು ತಪ್ಪು ಅಳತೆಯಲ್ಲಿ ಸುರಿಯುತ್ತದೆ, ಮೈಲೇಜು ಬೀಳುತ್ತದೆ, ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ.

ಆಗ ಸ್ಕ್ಯಾನರ್ ಸಿಕ್ಕಿಸಿದರೆ ಸೆನ್ಸರಿನ ಹೆಸರಿರುವ ಕೋಡ್ ಬರುತ್ತದೆ. ಸಾವಿರಾರು ರೂಪಾಯಿಯ ಹೊಸ ಸೆನ್ಸರ್ ಹಾಕಿದ ವಾರಕ್ಕೆ ಅದೇ ಕೋಡ್ ಮತ್ತೆ ಹಾಜರು. ವೋಲ್ಟೇಜಿನ ಇಂಥ ಅಂಕಿ ತನಗೆ ತಲುಪಿತು ಎಂದಷ್ಟೇ ಕಂಪ್ಯೂಟರಿಗೆ ಗೊತ್ತು. ಸೆನ್ಸರೇ ಕೆಟ್ಟಿದೆಯೋ ದಾರಿ ಕೆಟ್ಟಿದೆಯೋ ಅದು ಹೇಳಲಾರದು. ಆದ್ದರಿಂದ ಪಾರ್ಟ್ಸ್ ಅಂಗಡಿಗೆ ಫೋನ್ ಮಾಡುವ ಮುಂಚೆ ಎಂಜಿನ್ ಓಡುತ್ತಿರಲಿ, ಹೆಡ್‌ಲೈಟು, ಎಸಿ ಫ್ಯಾನು ಎಲ್ಲ ಹಚ್ಚಿರಲಿ. ಸೆನ್ಸರಿನ ಅರ್ಥ್ ತಂತಿಗೂ ಬ್ಯಾಟರಿಯ ಮೈನಸ್ ಕಂಬಕ್ಕೂ ನಡುವೆ ಮೀಟರ್ ಹಿಡಿಯಿರಿ. 0.1 ವೋಲ್ಟಿಗಿಂತ ಹೆಚ್ಚು ಬಂದರೆ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಸ್ಪ್ಯಾನರ್ ಮತ್ತು ಉಪ್ಪುಕಾಗದ.